ಹೈಸ್ಕೂಲ್ ಮಕ್ಕಳಿಗೆ ಮುಂದಿನ ದಾರಿ ತೋರಿಸಲು ಒಬ್ಬ ಗಣಿತ ಟೀಚರ್ ಏನು ಮಾಡಬಹುದು?

ಮೇಡಂ, ಯಾದಗಿರಿ ಜಿಲ್ಲೆಯ ಹಳ್ಳಿ ಶಾಲೆಗೆ ಹೊಸದಾಗಿ ಬಂದಿದ್ದೀರಿ, ಗಣಿತ ಕಲಿಸುತ್ತೀರಿ. ಎಸ್ಸೆಸ್ಸೆಲ್ಸಿ ಆದಮೇಲೆ ಏನು ಓದಬೇಕು ಎಂದು ಮಕ್ಕಳು ಕೇಳಿದರೆ ಹೇಳುವವರು ಶಾಲೆಯಲ್ಲಿ ಯಾರೂ ಇಲ್ಲ, ನಾನೇನು ಮಾಡಲಿ ಎಂದು ಕೇಳಿದ್ದೀರಿ. ನಾನು ಪಕ್ಕದ ತಾಲ್ಲೂಕಿನಲ್ಲಿ ಹದಿನೆಂಟು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಅನುಭವದಿಂದ ತಿಳಿದದ್ದನ್ನು ಬರೆಯುತ್ತೇನೆ.

ಹತ್ತನೇ ತರಗತಿಯವರೆಗೆ ಕಾಯಬೇಡಿ. ಅಷ್ಟೊತ್ತಿಗೆ ಮನೆಯಲ್ಲಿ ತೀರ್ಮಾನ ಆಗಿಹೋಗಿರುತ್ತದೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕೆಟ್ಟುಹೋದ ಸ್ವಿಚ್ಚು, ಫ್ಯಾನು ಏನು ಸಿಕ್ಕರೂ ಬಿಚ್ಚಿ ನೋಡುತ್ತಿದ್ದಳು. ಕಲಬುರಗಿಯಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಸೀಟು ಸಿಕ್ಕಿತು. ನಾನು ಖುಷಿಯಿಂದ ಮನೆಗೆ ಹೋದೆ. ಅವರಪ್ಪ ಕೇಳಿದ್ದು ಇಷ್ಟೇ: "ಸರ, ಅಷ್ಟು ದೂರ ಯಾರ ಜೋಡಿ ಕಳಿಸ್ಲಿ? ಅಲ್ಲಿ ಎಲ್ಲಿ ಇರ್ತಾಳ್ರಿ?" ಹಾಸ್ಟೆಲ್ ಎಲ್ಲಿದೆ, ಅರ್ಜಿ ಯಾವಾಗ, ನನಗೇ ಗೊತ್ತಿರಲಿಲ್ಲ. ಆ ಮನುಷ್ಯನನ್ನು ನಾನು ಕಂಡದ್ದೂ ಅವತ್ತೇ ಮೊದಲು. ಎರಡು ವರ್ಷ ಮಗಳಿಗೆ ಪಾಠ ಮಾಡಿದ್ದೆ, ಒಂದು ಸಲವೂ ಅಪ್ಪನ ಜೊತೆ ಮಾತಾಡಿರಲಿಲ್ಲ. ಸೀಟು ಹೋಯಿತು. ಆ ವರ್ಷ ಅವಳು ಹತ್ತಿ ಬಿಡಿಸಲು ಹೋದಳು.

ಅದಾದಮೇಲೆ ಒಂಬತ್ತನೇ ತರಗತಿಯಲ್ಲೇ ಮನೆಗಳಿಗೆ ಹೋಗಲು ಶುರು ಮಾಡಿದೆ. ಏನು ಓದಿಸುತ್ತೀರಿ ಎಂದು ಕೇಳುವುದಿಲ್ಲ. ನಿಮಗೆ ಯಾವುದರ ಭಯ ಎಂದು ಕೇಳುತ್ತೇನೆ. ದುಡ್ಡು, ದೂರ, ಹೆಣ್ಣುಮಗು ಒಬ್ಬಳೇ ಹೋಗಬೇಕಲ್ಲ ಅನ್ನುವುದು, ಹೆಚ್ಚಾಗಿ ಈ ಮೂರೇ. ಇವಕ್ಕೆ ಉತ್ತರ ಹುಡುಕಿಟ್ಟುಕೊಂಡು ಹೋದರೆ ಅಪ್ಪ ಅಮ್ಮ ಕೇಳುತ್ತಾರೆ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ದಿನಾ ಹೋಗಿ ಬರುವಷ್ಟು ದೂರವಿದ್ದರೆ ಖರ್ಚಿನ ಮಾತು ಅಲ್ಲಿಗೇ ಅರ್ಧ ಮುಗಿಯುತ್ತದೆ.

ಇನ್ನು ತರಗತಿಯೊಳಗಿನ ಕೆಲಸ. ವರ್ಷಕ್ಕೊಮ್ಮೆ ಯಾರನ್ನೋ ಕರೆಸಿ ಎರಡು ತಾಸು ಭಾಷಣ ಮಾಡಿಸುವುದರಿಂದ ಏನೂ ಆಗದು. ನಾನು ಮಾಡಿಸಿ ನೋಡಿದ್ದೇನೆ. ಅದರ ಬದಲು ಮಕ್ಕಳನ್ನೇ ಊರೊಳಗೆ ಕಳಿಸಿ. ಲೈನ್‌ಮನ್, ನರ್ಸಮ್ಮ, ದನದ ಆಸ್ಪತ್ರೆಯವರು, ಬಸ್ ಕಂಡಕ್ಟರ್, ಮೋಟಾರು ರಿಪೇರಿಯವರು ಎಲ್ಲರನ್ನೂ ಕೇಳಿಕೊಂಡು ಬರಲಿ. ಏನು ಓದಿದಿರಿ, ಎಲ್ಲಿ, ಎಷ್ಟು ಖರ್ಚಾಯಿತು. ನಮ್ಮ ಹುಡುಗರು ವಿದ್ಯುತ್ ಕಂಪನಿಯ ಪವರ್‌ಮ್ಯಾನ್ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಅಂಕದ ಜೊತೆ ಕಂಬ ಹತ್ತುವ ಪರೀಕ್ಷೆಯೂ ಇದೆ ಎಂದು ಹೀಗೆಯೇ ತಿಳಿದುಕೊಂಡು ಬಂದರು. ಮರುದಿನ ವಿದ್ಯುತ್ ಪಾಠಕ್ಕೆ ಹಿಂದಿನ ಬೆಂಚಿನವರೂ ಕಿವಿಗೊಟ್ಟರು.

ನಿಮ್ಮ ವಿಷಯ ಗಣಿತ ಅಲ್ವಾ, ನನಗಿಂತ ನಿಮಗೆ ಸುಲಭ. ಐಟಿಐ ಎಲೆಕ್ಟ್ರಿಷಿಯನ್ ಎರಡು ವರ್ಷ, ಡಿಪ್ಲೊಮಾ ಮೂರು ವರ್ಷ, ಪಿಯುಸಿ ಸೇರಿ ಪದವಿಗೆ ಐದು ವರ್ಷ. ಬಸ್ಸು, ಊಟ, ಪುಸ್ತಕ ಸೇರಿಸಿ ಯಾವುದಕ್ಕೆ ಎಷ್ಟಾಗುತ್ತದೆ ಎಂದು ಮಕ್ಕಳೇ ಲೆಕ್ಕ ಹಾಕಲಿ. ಡಿಪ್ಲೊಮಾ ಆದವರು ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಬಹುದು ಎಂದೂ ಹೇಳಿ. ಗಣಿತಕ್ಕೆ ಹೆದರಿ ಐಟಿಐ ಸೇರುತ್ತೇನೆ ಅನ್ನುವವರಿಗೆ ಅಲ್ಲೂ ವರ್ಕ್‌ಶಾಪ್ ಲೆಕ್ಕ ಇದೆ ಎಂದು ಈಗಲೇ ಗೊತ್ತಾಗಲಿ.

ಎಂಬತ್ತು ಪರ್ಸೆಂಟ್ ಬಂದರೆ ಸೈನ್ಸ್, ಕಡಿಮೆ ಬಂದರೆ ಆರ್ಟ್ಸ್ ಎಂದು ಹಂಚುವ ಅಭ್ಯಾಸ ನಮ್ಮಲ್ಲೇ ಇದೆ. ದಯವಿಟ್ಟು ಇದನ್ನು ಬಿಡಬೇಕು. ನಮ್ಮ ಸುತ್ತಲೇ ಎಷ್ಟು ದಾರಿಗಳಿವೆ ನೋಡಿ. ಹೊಲದ ಕೆಲಸ ಇಷ್ಟಪಡುವವರಿಗೆ ಕನ್ನಡದಲ್ಲೇ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ. ಯಂತ್ರದ ಕೆಲಸಕ್ಕೆ ಕಲಬುರಗಿಯಲ್ಲಿ ಜಿಟಿಟಿಸಿ ಅನ್ನುವ ಸರ್ಕಾರಿ ತರಬೇತಿ ಕೇಂದ್ರ ಇದೆ. ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ. ಕಡೇಚೂರಿನ ಕೈಗಾರಿಕಾ ಪ್ರದೇಶಕ್ಕೆ ಒಂದು ದಿನ ಕರೆದುಕೊಂಡು ಹೋಗಲು ಆದರೆ ಹೋಗಿ. ಕೆಲಸ ಹೇಗಿದೆ, ಹೊಗೆ ಹೇಗಿದೆ, ಎರಡನ್ನೂ ಮಕ್ಕಳು ನೋಡಲಿ.

ಕೊನೆಗೆ ಕಾಗದಪತ್ರ. ಸುಮ್ನೆ ಗುಮಾಸ್ತರ ಕೆಲಸ ಅಂದುಕೊಳ್ಳಬೇಡಿ, ಸೀಟು ಉಳಿಯುವುದು ಇದರಲ್ಲೇ. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ಸ್ಥಳೀಯರಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಪರ್ಸೆಂಟ್. ಆದರೆ ಸಹಾಯಕ ಆಯುಕ್ತರ ಕಚೇರಿಯಿಂದ ಪ್ರಮಾಣಪತ್ರ ಇದ್ದರೆ ಮಾತ್ರ. ಫಲಿತಾಂಶ ಬಂದಮೇಲೆ ಓಡಾಡಿದರೆ ತಡವಾಗುತ್ತದೆ, ಮನೆಯವರು ಗುಳೆ ಹೋಗಿದ್ದರಂತೂ ಮುಗಿದೇ ಹೋಯಿತು. ನಾನು ದೀಪಾವಳಿಗೆ ಮೊದಲೇ ಒಂದು ನೋಟ್‌ಬುಕ್ಕಿನಲ್ಲಿ ಹತ್ತನೇ ತರಗತಿಯ ಎಲ್ಲರ ಹೆಸರು ಬರೆಯುತ್ತೇನೆ. ಜಾತಿ, ಆದಾಯ, 371ಜೆ, ಗ್ರಾಮೀಣ, ಕನ್ನಡ ಮಾಧ್ಯಮ, ಯಾರದ್ದು ಆಯಿತೋ ಅವರ ಮುಂದೆ ಗುರುತು. ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಿರುತ್ತಾರೆ, ಸಹಿಗೆ ಅಪ್ಪ ಸಿಗುತ್ತಾನೆ. ಉಳಿದವರಿಗೆ ಯುಗಾದಿ ಇನ್ನೊಂದು ಅವಕಾಶ.