ಅನುಭವದ ವರ್ಷ ಹೇಳಬೇಡಿ, ಲೆಕ್ಕ ಮಾಡಿ ತೋರಿಸಿ

ಪ್ರಶ್ನೆ: ಸೇನೆಯಲ್ಲಿ ಎಲೆಕ್ಟ್ರಾನಿಕ್ಸ್ ತರಬೇತಿ ಪಡೆದು ಎಂಟು ವರ್ಷ ರೇಡಾರ್ ನೋಡಿಕೊಂಡಿದ್ದೇನೆ. ಮೂಲ ಪಾಠಗಳನ್ನು ಬಿಟ್ಟು ನೇರವಾಗಿ ಉನ್ನತ ಕೋರ್ಸಿಗೆ ಸೇರಬಹುದೇ?

ಉತ್ತರ: ಈ ಪ್ರಶ್ನೆ ಕೇಳುವ ಪ್ರತಿಯೊಬ್ಬರೂ ವರ್ಷಗಳ ಲೆಕ್ಕ ಕೊಡುತ್ತಾರೆ. ಏನು ಬರುತ್ತದೆ ಎಂದು ಮಾತ್ರ ಬರೆಯುವುದಿಲ್ಲ. ಎಂಟು ವರ್ಷ ಎಂದರೆ ನನಗೆ ಏನೂ ತಿಳಿಯುವುದಿಲ್ಲ.

ಕೆಟ್ಟು ನಿಂತ ಉಪಕರಣವನ್ನು ಬೇಗ ಕೆಲಸಕ್ಕೆ ಮರಳಿಸುವುದೇ ಸೇನಾ ತರಬೇತಿಯ ಗುರಿ. ಸಿಗ್ನಲ್ ಹಾದಿಯ ನಡುವೆ ಮೀಟರ್ ಇಟ್ಟು, ಸರಿಯಿರುವ ಅರ್ಧವನ್ನು ಕೈಬಿಡುತ್ತ, ದೋಷವಿರುವ ಮಾಡ್ಯೂಲನ್ನು ಹಿಡಿದು ಬದಲಿಸುತ್ತೀರಿ. ಆ ಶಿಸ್ತು ಕಾಲೇಜಿನ ಪ್ರಯೋಗಾಲಯದಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಅದನ್ನು ಕೀಳಾಗಿ ಕಾಣುವ ಪ್ರಾಧ್ಯಾಪಕರ ಮೇಲೂ ನನಗೆ ಸಿಟ್ಟಿದೆ. ಆದರೆ ಆ ಮಾಡ್ಯೂಲಿನ ಒಳಗೆ ನಡೆಯುವುದನ್ನು ಸಮೀಕರಣದಲ್ಲಿ ಹಿಡಿಯುವುದು ಬೇರೆಯೇ ವಿದ್ಯೆ, ಉನ್ನತ ಕೋರ್ಸು ಕೇಳುವುದು ಅದನ್ನೇ.

ಇಂದೇ ಪರೀಕ್ಷಿಸಿಕೊಳ್ಳಿ. ತಲಾ 1 ಮೆಗಾಓಮಿನ ಎರಡು ರೆಸಿಸ್ಟರುಗಳನ್ನು ಸರಣಿಯಲ್ಲಿ ಜೋಡಿಸಿ 10 ವೋಲ್ಟ್ ಕೊಡಿ. ನಡುಬಿಂದುವಿನಲ್ಲಿ 5 ವೋಲ್ಟ್ ಇರಬೇಕು. 10 ಮೆಗಾಓಮ್ ಒಳರೋಧದ ಡಿಜಿಟಲ್ ಮೀಟರ್ ಸುಮಾರು 4.76 ತೋರಿಸುತ್ತದೆ. ವೋಲ್ಟಿಗೆ 20,000 ಓಮಿನ ಹಳೆಯ ಮುಳ್ಳಿನ ಮೀಟರನ್ನು 10 ವೋಲ್ಟ್ ವ್ಯಾಪ್ತಿಗೆ ತಿರುಗಿಸಿ ಇಟ್ಟರೆ (ಆಗ ಒಳರೋಧ 2 ಲಕ್ಷ ಓಮ್) 1.43 ಮಾತ್ರ. ಮೀಟರ್ ಸರ್ಕ್ಯೂಟಿಗೆ ಹೊರೆಯಾಗುತ್ತದೆ ಎಂದು ನಿಮ್ಮ ಬೋಧಕರು ಹೇಳಿರುತ್ತಾರೆ. ಈ ಎರಡೂ ಅಂಕಿಗಳನ್ನು ಇಡೀ ಸರ್ಕ್ಯೂಟನ್ನು ಒಂದು ವೋಲ್ಟೇಜ್, ಒಂದು ರೋಧಕ್ಕೆ ಇಳಿಸುವ ಥೆವೆನಿನ್ ಪ್ರಮೇಯದಿಂದ ಕಾಗದದ ಮೇಲೆ ತರಬಲ್ಲಿರಾ? ರೆಸಿಸ್ಟರಿನ ಮೂಲಕ ಚಾರ್ಜ್ ಆಗುವ ಕೆಪ್ಯಾಸಿಟರ್ ಒಂದು ಕಾಲಸ್ಥಿರಾಂಕದಲ್ಲಿ (ರೋಧವನ್ನು ಧಾರಕತೆಯಿಂದ ಗುಣಿಸಿದರೆ ಬರುವ ಸಮಯ) ಶೇಕಡಾ 63.2ರಷ್ಟು ತುಂಬುತ್ತದೆ ಎಂಬುದು ನಿಮಗೆ ಬಾಯಿಪಾಠ. ಆ 63.2 ಎಲ್ಲಿಂದ ಬಂತು ಎಂದು ಅವಕಲ ಸಮೀಕರಣ ಬಿಡಿಸಿ ತೋರಿಸಬಲ್ಲಿರಾ?

ಎರಡೂ ಬಂದರೆ ಮೂಲ ಪಾಠಗಳನ್ನು ಬಿಡಲು ಧೈರ್ಯವಾಗಿ ಅನುಮತಿ ಕೇಳಿ. ಮೊದಲನೆಯದು ಮಾತ್ರ ಬಂದರೆ ಡಿಸಿ ಸರ್ಕ್ಯೂಟ್ ಪಾಠ ಬಿಡಿ, ಕ್ಯಾಲ್ಕುಲಸ್ ಮುಗಿಸಿ ಮುಂದಕ್ಕೆ ಹೋಗಿ. ಎರಡೂ ಬಾರದಿದ್ದರೆ ಮೊದಲ ಬೆಂಚಿನಿಂದಲೇ ಶುರು ಮಾಡಿ.

ನಾನು ಇಷ್ಟು ಕಟ್ಟುನಿಟ್ಟಾಗಲು ಕಾರಣವಿದೆ. ಒಮ್ಮೆ ಸೇವಾಪತ್ರ ನೋಡಿಯೇ ಮೂಲ ಪಾಠ ಬಿಡಲು ಕೇಳಿದ ಒಬ್ಬರ ಅರ್ಜಿಗೆ ಸಹಿ ಹಾಕಿದ್ದೆ. ಸಿಗ್ನಲ್ಲನ್ನು ತೆರೆಯ ಮೇಲೆ ಅಲೆಯಾಗಿ ತೋರಿಸುವ ಆಸಿಲೊಸ್ಕೋಪ್ ಮುಂದೆ ಕುಳಿತರೆ ಅವರು ಇಡೀ ತರಗತಿಗೆ ಪಾಠ ಹೇಳುವಂತಿದ್ದರು. ಅವಕಲ ಸಮೀಕರಣವನ್ನು ಬೀಜಗಣಿತವಾಗಿಸಿ ಬಿಡಿಸುವ ಲಾಪ್ಲಾಸ್ ಪರಿವರ್ತನೆ ಶುರುವಾದ ಮೂರನೇ ವಾರಕ್ಕೆ ಕೋರ್ಸನ್ನೇ ಬಿಟ್ಟರು. ಅಂದಿನಿಂದ ಲಿಖಿತ ಪರೀಕ್ಷೆ ನಡೆಸದೆ ನಾನು ಯಾರಿಗೂ ಸಹಿ ಹಾಕಿಲ್ಲ.

ಪ್ರಶ್ನೆ: ಎರಡೇ ದಿನದಲ್ಲಿ ಕ್ಯಾಲ್ಕುಲಸ್ ಕಲಿಸುತ್ತೇವೆ ಎನ್ನುವವರ ಬಳಿ ಹೋಗಬಹುದೇ?

ಉತ್ತರ: ಹೋಗಬೇಡಿ. ಸೂತ್ರ ಉರುಹೊಡೆಸಿ ದುಡ್ಡು ಕೀಳುವ ದಂಧೆ ಅದು.

ಪ್ರಶ್ನೆ: ಅಮೆರಿಕದ ನೌಕಾಪಡೆಯ 24 ಭಾಗಗಳ ಎಲೆಕ್ಟ್ರಾನಿಕ್ಸ್ ಪಠ್ಯಮಾಲೆ ಓದಿದ್ದೇನೆ. ಅದು ಪದವಿಗೆ ಸಮವೇ?

ಉತ್ತರ: ಅಲ್ಲ. ತಂತ್ರಜ್ಞರಿಗಾಗಿ ಬರೆದ ಒಳ್ಳೆಯ ಪಠ್ಯ, ಎಂಜಿನಿಯರಿಂಗ್ ಗಣಿತ ಅದರಲ್ಲಿಲ್ಲ.

ಪ್ರಶ್ನೆ: ನಿರ್ವಾತ ನಳಿಕೆಗಳ ಬಗ್ಗೆ ಕಲಿತದ್ದು ವ್ಯರ್ಥವಾಯಿತೇ?

ಉತ್ತರ: ಯಾರು ಹೇಳಿದರು? ಮೈಕ್ರೊವೇವ್ ಹುಟ್ಟಿಸುವ ನಿರ್ವಾತ ನಳಿಕೆಯಾದ ಮ್ಯಾಗ್ನೆಟ್ರಾನ್ ಇಂದಿಗೂ ಎಷ್ಟೋ ಹಡಗುಗಳ ರೇಡಾರಿನಲ್ಲಿ ಕೆಲಸ ಮಾಡುತ್ತಿದೆ.