ಒಂದೇ ಶೋಧನೆಯಲ್ಲಿ, ಅಂದರೆ ಪಾಪಕ್ಕೆ ಎಳೆಯುವ ಸೆಳೆತದಲ್ಲಿ, ಮತ್ತೆ ಮತ್ತೆ ಬೀಳುತ್ತಿದ್ದೇನೆ. ಕ್ರಿಸ್ತನ ಮೇಲಿನ ನಂಬಿಕೆಯಿಂದ ಇದನ್ನು ಎದುರಿಸುವುದು ಹೇಗೆ?

ಶೋಧನೆ ಬರುವುದೇ ಪಾಪ ಅಲ್ಲ. ಯೇಸುವಿಗೂ ಬಂದಿತ್ತು ಅಲ್ವಾ? ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ ಓದಿ. 40 ದಿನ ಉಪವಾಸವಿದ್ದು ಹಸಿದಿದ್ದಾಗಲೇ ಸೈತಾನ ಬಂದು, ಈ ಕಲ್ಲುಗಳನ್ನು ರೊಟ್ಟಿ ಮಾಡು ಅಂದ. ಯೇಸು ವಾದಕ್ಕೆ ಇಳಿಯಲಿಲ್ಲ. ಸೈತಾನ ಶೋಧಿಸಿದ ಮೂರು ಸಲವೂ ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡದ ಮಾತಿನಿಂದಲೇ ಉತ್ತರ ಕೊಟ್ಟರು. ಆ ಗಳಿಗೆಯಲ್ಲಿ ವಚನ ಹುಡುಕುತ್ತಾ ಕೂರಲು ಆಗುವುದಿಲ್ಲ, ಮೊದಲೇ ಬಾಯಿಪಾಠ ಇರಬೇಕು.

ಆದರೆ ಎಲ್ಲಾ ಶೋಧನೆಯನ್ನೂ ನಿಂತು ಎದುರಿಸಬೇಕಾಗಿಲ್ಲ. ಆದಿಕಾಂಡದ ಯೋಸೇಫನನ್ನು ನೋಡಿ: ಯಜಮಾನ ಪೋಟೀಫರನ ಹೆಂಡತಿ ತನ್ನೊಂದಿಗೆ ಮಲಗು ಅಂತ ಬಟ್ಟೆ ಹಿಡಿದಾಗ ಅವನು ಬಟ್ಟೆಯನ್ನು ಅಲ್ಲೇ ಬಿಟ್ಟು ಹೊರಗೆ ಓಡಿಹೋದ. ಅದು ಹೇಡಿತನ ಅಲ್ಲ. ರಾತ್ರಿ ಮೊಬೈಲ್ ನಿಮ್ಮನ್ನು ಬೀಳಿಸುತ್ತಿದ್ದರೆ ಅದನ್ನು ಹಾಲ್‌ನಲ್ಲಿಟ್ಟು ಮಲಗಿ. ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಸುಮ್ನೆ ಪ್ರಾರ್ಥನೆ ಮಾಡಿದರೆ ಸಾಲದು. 1 ಕೊರಿಂಥ 10:13ರಲ್ಲಿ ಅಪೊಸ್ತಲ ಪೌಲ ಹೇಳುವ, ಶೋಧನೆಯ ಜೊತೆಗೆ ದೇವರೇ ಕೊಡುವ ತಪ್ಪಿಸಿಕೊಳ್ಳುವ ದಾರಿ ಎಷ್ಟೋ ಸಲ ಇಷ್ಟು ಸಾಧಾರಣವಾಗಿಯೇ ಇರುತ್ತದೆ.

ಬಿದ್ದರೆ ಮುಚ್ಚಿಡಬೇಡಿ. ಮುಚ್ಚಿಟ್ಟಷ್ಟೂ ಅದರ ಹಿಡಿತ ಜಾಸ್ತಿಯಾಗುತ್ತದೆ. ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿಕೊಳ್ಳಿ ಅಂತ ಯಾಕೋಬನ ಪತ್ರಿಕೆ 5:16 ಹೇಳುತ್ತದೆ. ಸಭಾಪಾಲಕರಿಗೋ, ಫಾದರ್‌ಗೋ, ಗುಟ್ಟು ಕಾಯುವ ಒಬ್ಬ ಗೆಳೆಯನಿಗೋ ಈ ವಾರವೇ ಹೇಳಿ.