ಗುಡಿಗೆ ತಲೆ ಯಾವುದು?

ಪ್ರಶ್ನೆ: ಇಕ್ಕೇರಿಯ ಅಘೋರೇಶ್ವರ ಗುಡಿಯಲ್ಲಿ ಒಬ್ಬರು ಗರ್ಭಗುಡಿಯೇ ದೇವಸ್ಥಾನದ ತಲೆ ಎಂದರು, ಇನ್ನೊಬ್ಬರು ಶಿಖರ ಎಂದರು. ಯಾರದ್ದು ಸರಿ? (ಓದುಗರು, ಸಾಗರ)

ಉತ್ತರ: ಇಬ್ಬರದ್ದೂ. ಅವರು ಹೇಳಿದ್ದು ಬೇರೆ ಬೇರೆ ದೇಹದ ಮಾತು. ಹೊರಗಿನಿಂದ ಕತ್ತೆತ್ತಿ ನೋಡಿದರೆ ಗುಡಿ ನಿಂತ ದೇಹ. ದ್ರಾವಿಡ ಕ್ರಮದಲ್ಲಿ ವಿಮಾನಕ್ಕೆ, ಅಂದರೆ ಗರ್ಭಗುಡಿ ಮತ್ತು ಅದರ ಮೇಲಿನ ಕಟ್ಟಡಕ್ಕೆ, ಆರು ಅಂಗ: ಅಧಿಷ್ಠಾನ (ಬುಡದ ಜಗತಿ), ಪಾದ, ಪ್ರಸ್ತರ, ಗ್ರೀವ, ಶಿಖರ, ಸ್ತೂಪಿ. ಇಲ್ಲಿ 'ಪಾದ' ಅಂಗಾಲಲ್ಲ, ಕಂಬ-ಗೋಡೆಯ ಭಾಗ, ಅಂದರೆ ಕಾಲು. ಪ್ರಸ್ತರ ಹೆಗಲು, ಗ್ರೀವ ಕುತ್ತಿಗೆ, ಶಿಖರ ತಲೆ, ಸ್ತೂಪಿ ಜುಟ್ಟು. ಬಸವಣ್ಣನವರ 'ಕಾಲೇ ಕಂಬ'ವೂ ಈ ನಿಂತ ದೇಹವೇ. ಅವರು ಶಿರವನ್ನು ಕಳಸವೆಂದರು, ಶಿಲ್ಪಿಗಳ ಲೆಕ್ಕಕ್ಕಿಂತ ಒಂದು ಮೆಟ್ಟಿಲು ಮೇಲೆ.

ನೆಲದ ನಕ್ಷೆ ಬರೆದರೆ ಅದೇ ಗುಡಿ ಮಲಗಿದ ದೇಹ: ಗರ್ಭಗುಡಿ ತಲೆ, ಸುಕನಾಸಿ (ಗರ್ಭಗುಡಿಯ ಮುಂದಿನ ಚಿಕ್ಕ ಕೋಣೆ) ಕತ್ತು, ಮಂಟಪ ಎದೆ-ಹೊಟ್ಟೆ, ಗೋಪುರ ಪಾದ. ಎಲ್ಲ ಗುಡಿಗೂ ಇದು ಹೊಂದುವುದಿಲ್ಲ. ಇಕ್ಕೇರಿಯ ನಂದಿಮಂಟಪ ಬಿಡಿಯಾಗಿ ನಿಂತಿದೆ. ಬಳ್ಳಿಗಾವಿಯ ಕೇದಾರೇಶ್ವರವಂತೂ ತ್ರಿಕೂಟ, ಅಂದರೆ ಮೂರು ಗರ್ಭಗುಡಿಯ ಗುಡಿ, ಒಂದು ಹೊಟ್ಟೆಗೆ ಮೂರು ತಲೆ! ಹೋಲಿಕೆಯನ್ನು ಅಷ್ಟು ದೂರ ಎಳೆಯಬಾರದು.

ಪ್ರಶ್ನೆ: ಊರಲ್ಲಿ ಹೊಸ ಗುಡಿ ಕಟ್ಟುತ್ತಿದ್ದೇವೆ, ಹೊರ ಅಗಲ 12 ಅಡಿ. ದೇಹದ ಲೆಕ್ಕ ಅಳತೆಗೂ ಬರುತ್ತದೆಯೇ? (ಓದುಗರು, ಹೊಸನಗರ)

ಉತ್ತರ: ಬರುತ್ತದೆ. ವರಾಹಮಿಹಿರನ ಹಳೆಯ ಸಂಸ್ಕೃತ ಗ್ರಂಥ ಬೃಹತ್ಸಂಹಿತೆಯ ಪ್ರಕಾರ ಎತ್ತರ ಅಗಲದ ಎರಡರಷ್ಟು, ನಿಮಗೆ 24 ಅಡಿ. ಅದರ ಮೂರನೇ ಒಂದು ಪಾಲು 'ಕಟಿ', ಅಂದರೆ ಸೊಂಟ: 8 ಅಡಿ. ಗರ್ಭಗುಡಿಯ ಒಳ ಅಗಲ ಹೊರ ಅಗಲದ ಅರ್ಧ, 6 ಅಡಿ, ಉಳಿದದ್ದು ಎರಡೂ ಬದಿಗೆ ಮೂರು ಮೂರು ಅಡಿ ಗೋಡೆ. ಬಾಗಿಲ ಅಗಲ ಒಳ ಅಗಲದ ಕಾಲುಭಾಗ, ಒಂದೂವರೆ ಅಡಿ. ಎತ್ತರ 3 ಅಡಿ. ನೈವೇದ್ಯದ ಹರಿವಾಣ ಹಿಡಿದ ಅರ್ಚಕರು ಇದರಲ್ಲಿ ತೂರುವುದು ಕಷ್ಟ. ಹಾಗೆಂದು ಆಮೇಲೆ ಬಾಗಿಲನ್ನಷ್ಟೇ ಹಿಗ್ಗಿಸಿದರೆ ಪ್ರಮಾಣ ಕೆಡುತ್ತದೆ. ಬಾಗಿಲಿನಿಂದಲೇ ಲೆಕ್ಕ ಶುರು ಮಾಡಿ: 2 ಅಡಿ ಬಾಗಿಲಿಗೆ ಗರ್ಭಗುಡಿ 8, ಹೊರ ಅಗಲ 16, ಎತ್ತರ 32 ಅಡಿ. ದುಡ್ಡು ಸಾಲುತ್ತದೋ ಇಲ್ಲವೋ ಆಗಲೇ ಗೊತ್ತಾಗುತ್ತದೆ. ಒಂದು ಗ್ರಂಥದ ಬಾಗಿಲಿಗೆ ಇನ್ನೊಂದರ ಶಿಖರ ಜೋಡಿಸಬೇಡಿ.

ನೆಲದಡಿ ಇನ್ನೊಂದು ದೇಹವಿದೆ, ವಾಸ್ತುಪುರುಷ: ನಿವೇಶನದಲ್ಲಿ ಮಲಗಿದ್ದಾನೆಂದು ಶಾಸ್ತ್ರ ಕಲ್ಪಿಸುವ ಪುರುಷ. ತಲೆ ಈಶಾನ್ಯಕ್ಕೆ, ಪಾದ ನೈಋತ್ಯಕ್ಕೆ. 12 ಅಡಿ ಚೌಕವನ್ನು 64 ಪದ (ಸಮ ಚೌಕದ ಮನೆ) ಮಾಡಿದರೆ ಪದವೊಂದರ ಬದಿ ಒಂದೂವರೆ ಅಡಿ. ನಡುವಿನ ನಾಲ್ಕು ಪದ ಬ್ರಹ್ಮಸ್ಥಾನ. ಗೆರೆಗಳು ಕೂಡುವ ಮರ್ಮಗಳ ಮೇಲೆ ಕಂಬ ಬರಬಾರದು; ಬಂದರೆ ತುಸು ಸರಿಸಿ. ಗುಡಿ ಪೂರ್ವಕ್ಕೆ ಮುಖ ಮಾಡಿದ್ದರೆ ಅಭಿಷೇಕದ ನೀರಿನ ಪ್ರಣಾಳ ಉತ್ತರಕ್ಕಿರಲಿ. ತಳಪಾಯದ ಹಂತದಲ್ಲೇ ಇಳಿಜಾರು ಕೊಡಿ, ಇಲ್ಲದಿದ್ದರೆ ಗರ್ಭಗುಡಿಯ ನೆಲ ಸದಾ ಜೌಗು.

ಪ್ರಶ್ನೆ: ನಮ್ಮ ಕಲ್ಲಿನ ಗುಡಿಯ ಶಿಖರದ ಬುಡದಲ್ಲಿ ಪ್ರತಿವರ್ಷ ಅರಳಿ ಗಿಡ ಏಳುತ್ತದೆ. (ಓದುಗರು, ತೀರ್ಥಹಳ್ಳಿ)

ಉತ್ತರ: ಅದು ಕುತ್ತಿಗೆಯ ಕಾಯಿಲೆ. ಗ್ರೀವ ಒಳಸರಿದಿರುವುದರಿಂದ ಅದರ ಕೆಳಗಿನ ಅಂಚಿನಲ್ಲಿ ತರಗೆಲೆ, ಹಕ್ಕಿಯ ಹಿಕ್ಕೆ ಕೂಡುತ್ತವೆ. ಬೀಜ ಅಲ್ಲೇ ಬೇರೂರುತ್ತದೆ. ಬಲಿತ ಗಿಡವನ್ನು ಕಿತ್ತೆಳೆದರೆ ಕಲ್ಲೂ ಜೊತೆಗೆ ಬರುತ್ತದೆ. ಬುಡ ಕತ್ತರಿಸಿ, ಸಂದು ಬಿಡಿಸಿ ಬೇರು ತೆಗೆಯಿರಿ. ಸಂದಿಗೆ ಸಿಮೆಂಟ್ ಬೇಡ, ಅದು ತೇವವನ್ನು ಒಳಗೇ ಹಿಡಿದು ಕಲ್ಲಿನ ಪದರ ಏಳಿಸುತ್ತದೆ. ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಮೂರು ಪಾಲು ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾರೆ ಮಾಡಿ. ಮಳೆ ಪೂರ್ತಿ ನಿಂತ ಮೇಲೆ ಕೆಲಸ ಹಿಡಿದು, ಒಂದು ವಾರ ಒದ್ದೆ ಗೋಣಿ ಹೊದಿಸಿ. ಗುಡಿ ಸಂರಕ್ಷಿತ ಸ್ಮಾರಕವಾಗಿದ್ದರೆ ಪುರಾತತ್ವ ಇಲಾಖೆಗೆ ತಿಳಿಸಿ, ನೀವಾಗಿ ಕೈ ಹಾಕಬೇಡಿ.